ಗಡಿಯಾಚೆಯ ಪ್ರತಿ

ಭಾನುವಾರ ಬೆಳಗಿನ ಬಸ್ಸು ಫಿಗೇರೆಸ್ ಬಿಡುವಾಗ
ಎಲ್ಲರಿಗೂ ಒಂದೊಂದು ನೆಪ.
ಯಾರಿಗೋ ಅಲ್ಲಿ ಚೀಸು ಅಗ್ಗವಂತೆ, ಯಾರದೋ ಅತ್ತಿಗೆಗೆ ಹೆರಿಗೆಯಂತೆ,
ಔಷಧದಂಗಡಿಯ ಮುದುಕನಿಗೆ ಪೆರ್ಪಿನ್ಯಾದಲ್ಲೇ ಹಲ್ಲುನೋವಂತೆ.
ಗಡಿಯ ಪೊಲೀಸಿನವನು ಪಾಸ್‌ಪೋರ್ಟು ಮಗುಚಿ
ಮೀಸೆಯಡಿ ನಕ್ಕ: "ಸಿನಿಮಾ ಚೆನ್ನಾಗಿದೆಯಂತೆ."
ನರ್ಸೀಸ್ ಕೆಮ್ಮಿದ. ನಾನು ಬೆಟ್ಟ ನೋಡಿದೆ.

ನಾನು ಹೋದದ್ದು ಒಂದು ಅಂಗಿಗಾಗಿ.
ನಂಬಿದರೆ ನಂಬಿ.

ಹಿಂದಿನ ಚಳಿಗಾಲ ಊರ ಮೇಲಿನ ಮುರುಕು ಕೋಟೆಗೆ
ಮೂರು ಲಾರಿ, ಒಂದು ಶವಪೆಟ್ಟಿಗೆ, ಇನ್ನೂರು ಮೇಣದಬತ್ತಿ ಬಂದವು.
ಹೊಲಿಗೆಯವಳು ಬೇಕಿತ್ತು; ಹೋದೆ.
ಪ್ರತಿ ದೃಶ್ಯವನ್ನೂ ಎರಡೆರಡು ಸಲ ತೆಗೆದರು,
ಮೊದಲು ನಮಗೆ, ಆಮೇಲೆ ಪರದೇಶಕ್ಕೆ.
ನಮ್ಮ ಪ್ರತಿಯಲ್ಲಿ ಪಿಶಾಚಿಗೂ ಕತ್ತಿನವರೆಗೆ ಗುಂಡಿ,
ಎಣಿಸಿ ಹನ್ನೊಂದು; ಕಾಜಾ ಹೊಲಿದವಳು ನಾನು.
ಪರದೇಶದ ನಿಲುವಂಗಿಗೆ ಗುಂಡಿಯೇ ಇಲ್ಲ,
ಭುಜ ಕೊಡವಿದರೆ ಜಾರಬೇಕು,
ಕ್ಯಾಮೆರಾ ನಿಂತ ಕೂಡಲೇ ನಾನು ಕಂಬಳಿ ಹಿಡಿದು ಓಡಬೇಕು.

ಎಮೋಕೆ ಅಂತ ಹೆಸರು, ಹಂಗೇರಿಯವಳು.
ಚಳಿಗೆ ನವಿರೆದ್ದ ತೋಳು, ಬಾಯ್ತುಂಬ ಸುಟ್ಟ ಚೆಸ್ಟ್‌ನಟ್.
ಕೋರೆಹಲ್ಲು ಮಾಡಿದ್ದು ನಮ್ಮೂರ ದಂತವೈದ್ಯ,
ಪಾದ್ರಿಯ ಕಟ್ಟುಹಲ್ಲು ಕಟ್ಟಿದವನೇ.
ರಕ್ತವೆಂದರೆ ದಾಳಿಂಬೆಯ ಪಾಕ. ಕೋಟೆಯ ಬೆಕ್ಕು ರುಚಿ ಹತ್ತಿ
ಸತ್ತವರ ಕತ್ತನ್ನೆಲ್ಲ ನೆಕ್ಕುತ್ತ ಓಡಾಡಿತು.
ಒಂದು ಸಂಜೆ ಅವಸರದಲ್ಲಿ ಅಂಚು ಮಡಿಸುವಾಗ
ಸೂಜಿ ಚುಚ್ಚಿ, ಬಿಳಿ ರೇಷ್ಮೆಯ ಮೇಲೆ ಒಂದು ಹನಿ.
ತೊಳೆಯಲು ಹೊತ್ತಿರಲಿಲ್ಲ.

ಈಗ ಪೆರ್ಪಿನ್ಯಾದ ಕತ್ತಲು. ಒದ್ದೆ ಕೋಟುಗಳ ವಾಸನೆ.
ಟಾಕೀಸಿನ ತುಂಬ ನಮ್ಮವರೇ, ಯಾರಿಗೆ ಯಾರೂ ಗೊತ್ತಿಲ್ಲ.
ಕಥೆ ಏನು ಅಂತ ಕೇಳಬೇಡಿ.
ಒಬ್ಬಳು ಮೆಟ್ಟಿಲು ಹತ್ತುತ್ತಾಳೆ. ಹತ್ತುತ್ತಲೇ ಇರುತ್ತಾಳೆ.
ಮುಳ್ಳಿಲ್ಲದ ಗಡಿಯಾರ ಹನ್ನೆರಡು ಹೊಡೆಯುತ್ತದೆ.
ಹಾಸಿಗೆಯ ಮೇಲೊಂದು ಹುಂಜ; ಯಾಕೋ, ದೇವರಿಗೇ ಗೊತ್ತು.
ಕೋಟೆಯ ಬಾಗಿಲು ತೆಗೆದರೆ ಹೊಸ್ತಿಲಿಗೇ ಸಮುದ್ರ.
ನಮ್ಮ ಕೋಟೆಗೂ ಸಮುದ್ರಕ್ಕೂ ಆರು ಹರದಾರಿ!
ಹುಂಜಕ್ಕೆ ನಕ್ಕವರು ಸಮುದ್ರಕ್ಕೆ ನಗಲಿಲ್ಲ.

ಅವಳನ್ನು ಯಾರೂ ತಡೆಯುವುದಿಲ್ಲ: ಎಲ್ಲಿಗೆ ಹೊರಟೆ,
ಯಾರ ಮಗಳು, ಗಂಡನ ಸಹಿ ಎಲ್ಲಿ.
ನಾನು ದುಡಿದ ದುಡ್ಡಿಗೆ ಬ್ಯಾಂಕಿನಲ್ಲಿ ನರ್ಸೀಸನ ಸಹಿ ಬೇಕಿತ್ತು.
ಅವಳು ಕನ್ನಡಿಗೂ ಸಿಗುವುದಿಲ್ಲ;
ಹೀಗಿರು ಹಾಗಿರು ಅನ್ನುವ ಕಣ್ಣು ಒಂದಾದರೂ ಕಡಿಮೆ.

ಆಮೇಲೆ ಕಿಟಕಿ. ಆಚೆ ಅವಳು, ಈಚೆ ಮಲಗಿದ ಇನ್ನೊಬ್ಬಳು.
ಕತ್ತು ಅಲ್ಲೇ ಇದೆ, ಗಾಜು ತೆಳು, ಹಸಿವು ಮುನ್ನೂರು ವರ್ಷದ್ದು.
ಆದರೂ ನಿಂತು ಕೇಳುತ್ತಾಳೆ:
"ಒಳಗೆ ಬರಲೇ?"

ಬೆನ್ನಹುರಿಯಲ್ಲಿ ಯಾರೋ ನೂಲು ಎಳೆದಂತಾಯಿತು.
ಪಾದ್ರಿ ಕೇಳಿರಲಿಲ್ಲ.
ಅಪ್ಪನನ್ನು ಹುಡುಕಿ ಬಂದ ಸಿಪಾಯಿಗಳು ಕೇಳಿರಲಿಲ್ಲ.
ಒಳ್ಳೆಯವನೇ ನರ್ಸೀಸ್, ಕೇಳಬೇಕೆಂದು ಅವನಿಗೆ ಹೊಳೆದಿರಲಿಲ್ಲ.
ಸತ್ತವಳೊಬ್ಬಳು ಕೇಳುತ್ತಿದ್ದಾಳೆ.
ಮಲಗಿದವಳು ಉತ್ತರ ಕೊಡುವ ಮೊದಲೇ
ನನ್ನ ತುಟಿ ಅಲುಗಿತು.

ಅಂಗಿ ಜಾರಿತು. ಎಲ್ಲರೂ ಮೈ ನೋಡಿದರು.
ನಾನೂ ನೋಡಿದೆ, ಸುಳ್ಳೇಕೆ; ಆಮೇಲೆ ನೆಲದ ಮೇಲಿನ ಅಂಚು:
ಎಡಗಡೆ, ಸಾಸಿವೆಯಷ್ಟು, ಕಂದು.
ಅಷ್ಟೂ ಚಿತ್ರದಲ್ಲಿ ನಿಜವಾದ ರಕ್ತ ಅದೊಂದೇ.

ಮರಳುವ ಬಸ್ಸಿನಲ್ಲಿ ಚೀಸು ಗಮ್ಮೆನ್ನುತ್ತಿತ್ತು.
ಯಾರೂ ತುಟಿ ಪಿಟಕ್ಕೆನ್ನಲಿಲ್ಲ.

ವರ್ಷ ಕಳೆದು ನಮ್ಮ ಪ್ರತಿ ನಮ್ಮೂರಿಗೆ ಬಂತು.
ಹನ್ನೊಂದು ಗುಂಡಿ, ಒಂದೂ ಬಿಚ್ಚಲಿಲ್ಲ.
ಕಿಟಕಿಗೆ ಬಂದಳು, ಬಾಯಿ ತೆರೆದಳು,
ಕತ್ತರಿ. ಥಟ್ಟನೆ ಬೆಳಗು, ಗಂಟೆ, ಶಿಲುಬೆ.
ಮೈ ಮುಚ್ಚಿದ್ದು ಸಾಲದೆ
ಪ್ರಶ್ನೆಯನ್ನೂ ಕತ್ತರಿಸಿದ್ದರು.

ಪಕ್ಕದಲ್ಲಿ ಹವಾಲ್ದಾರನ ಹೆಂಡತಿ, ಬೀಸಣಿಗೆಯ ಮರೆಯಿಂದ,
"ರೆಮೆಯ್, ನೀನು ಆಚೆಯದನ್ನೂ ನೋಡಿದೀಯಂತಲ್ಲ.
ಅಲ್ಲಿ ಏನಂದಳು?"

ಹೇಳಿದೆ, ಕಿವಿಗೆ ಬಾಯಿ ತಂದು, ಮೆಲ್ಲಗೆ.

ಬೀಸಣಿಗೆ ನಿಂತಿತು.