ಹಲ್ಲಿನ ಖರ್ಚು

ಸಾಲಗಾಮೆ ರಸ್ತೆ, ಜೆರಾಕ್ಸ್ ಅಂಗಡಿಯ ಮೇಲೆ,
ಹದಿನೆಂಟು ಮೆಟ್ಟಿಲು. ಎಣಿಸಿದ್ದೇನೆ.
ಒಂಬತ್ತನೆಯದರಲ್ಲಿ ನಿಂತು ಹಿಂದಿರುಗಿದ್ದೂ ಉಂಟು, ಎರಡು ಸಲ.
ಮೂರನೆಯ ಸಲ ಕೆಳಗಿನಿಂದೊಂದು ದನಿ:
"ಗ್ಯಾಸ್ ಮೇಡಂ ಅಲ್ವಾ? ನಮ್ ಸಿಲಿಂಡರ್ ಯಾವಾಗ?"
ಹಾಸನದ ಅರ್ಧ ಊರಿಗೆ ನನ್ನ ಮುಖ ಗೊತ್ತು,
ಏಜೆನ್ಸಿಯ ಜಾಲರಿ ಕಿಟಕಿಯ ಹಿಂದೆ ಹತ್ತೊಂಬತ್ತು ವರ್ಷ.
"ನಾಳಿದ್ದು" ಅಂದೆ. ಅವಳಿಂದ ತಪ್ಪಿಸಿಕೊಳ್ಳಲು
ಮೇಲಕ್ಕೇ ಹತ್ತಬೇಕಾಯಿತು.
ಹೀಗೆ ಶುರುವಾದದ್ದು. ಧೈರ್ಯದಿಂದ ಅಲ್ಲ.

ಒಳಗೆ ಮದ್ದಿನ ವಾಸನೆ ಇರುತ್ತದೆ ಅಂದುಕೊಂಡಿದ್ದೆ.
ಇದ್ದದ್ದು ಎರಡು ಬೆತ್ತದ ಕುರ್ಚಿ, ಒಂದು ಗಡಿಯಾರ,
ಕೆಳಗಿಂದ ಏರಿಬರುವ ಬಿಸಿ ಕಾಗದದ ಘಾಟು.
ಸಿಂಚನಾ, ನನಗಿಂತ ಹನ್ನೆರಡು ವರ್ಷ ಚಿಕ್ಕವಳು,
ದುಡ್ಡಿನ ಮಾತನ್ನು ಮೊದಲೇ ಆಡಿದಳು:
ಐವತ್ತು ನಿಮಿಷಕ್ಕೆ ಎಂಟುನೂರು.
ಬಾರದಿದ್ದರೆ ಹಿಂದಿನ ದಿನವೇ ಹೇಳಬೇಕು, ಇಲ್ಲವೆಂದರೆ ಅರ್ಧ.
ಇನ್ಶೂರೆನ್ಸಿನ ರಮಾಮಣಿಯನ್ನು ಆಗಲೇ ಕೇಳಿದ್ದೆ,
ಬೇರೆ ಯಾರಿಗೋ ಎಂಬಂತೆ.
"ಆಪರೇಷನ್ ಗೀಪರೇಷನ್ ಆದ್ರೆ ನೋಡೋಣ" ಅಂದಿದ್ದಳು.

ನನ್ನ ತಲೆಯಲ್ಲಿ ಎಲ್ಲ ಮೊತ್ತವೂ ಸಿಲಿಂಡರಿಗೆ ಬದಲಾಗುತ್ತದೆ.
ಒಂದು ಸಿಲಿಂಡರ್ ನಮ್ಮನೆಗೆ ನಲವತ್ತು ದಿನ ಬರುತ್ತದೆ.
ಮಾತು ಎಷ್ಟು ದಿನ ಬರುತ್ತದೆ?
ಕೇಳಿಯೂಬಿಟ್ಟೆ. ಅವಳು ನಗಲಿಲ್ಲ.
"ಗೊತ್ತಿಲ್ಲ. ಆರು ವಾರ ನೋಡಿ,
ಆಮೇಲೆ ಇಬ್ಬರೂ ಕೂತು ಲೆಕ್ಕ ಹಾಕೋಣ."

ಫಾರಂ ಕೊಟ್ಟಳು. ಹೆಸರು, ಜಯಶೀಲ. ವಯಸ್ಸು, ನಲವತ್ತಮೂರು.
ನಿದ್ರೆ? 'ಪರವಾಗಿಲ್ಲ.'
ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು?
ದಿನಕ್ಕೆ ಇಪ್ಪತ್ತು ಜನರಿಂದ ಫಾರಂ ತುಂಬಿಸುವವಳು ನಾನು,
"ಖಾಲಿ ಬಿಡಬೇಡ್ರಿ" ಎಂದು ಗದರುವವಳು,
ಆ ಗೆರೆಯ ಮೇಲೆ ಪೆನ್ನು ಊರಿ ಕೂತುಬಿಟ್ಟೆ.
ಗಂಡ ಇದ್ದಾನೆ. ಓರಗಿತ್ತಿ ಇದ್ದಾಳೆ.
ಅವರಿಗೆ ತಿಳಿಯಬಾರದೆಂದೇ ತಾನೇ ಬಂದದ್ದು.

ಮೊದಲ ದಿನವೆಲ್ಲ ಗ್ಯಾಸಿನ ರೇಟು ಮಾತಾಡಿದೆ,
ಸಬ್ಸಿಡಿ, ಕೆವೈಸಿ, ಹೊಸ ಡೆಲಿವರಿ ಹುಡುಗನ ಸೊಕ್ಕು.
ಒಂದು ಚೀಟಿ ಬರೆದುಕೊಡಲಿ, ಒಂದು ಮಾತ್ರೆ,
ಹೋಗಲಿ ಒಂದು ಬೈಗುಳವಾದರೂ.
ಕೊಟ್ಟದ್ದು ಒಂದು ಪ್ರಶ್ನೆ:
"ಪರವಾಗಿಲ್ಲ ಅಂದ್ರೆ, ರಾತ್ರಿ ಎಷ್ಟು ಸಲ ಏಳ್ತೀರಿ?"
ಐದು ಸಲ. ರೆಗ್ಯುಲೇಟರ್ ಮುಟ್ಟಿ ನೋಡಲು.
ಮುಚ್ಚಿದೆ ಅಂತ ಕಣ್ಣಿಗೆ ಗೊತ್ತು.
ಬೆರಳು ನಂಬುವುದಿಲ್ಲ.

ಸಂಜೆ ಮನೆಯ ಲೆಕ್ಕದ ಪುಸ್ತಕ ತೆರೆದೆ.
ಹಾಲು, ಕರೆಂಟು, ಮಗಳ ಕಾಲೇಜು ಬಸ್ಸು.
ಎಂಟುನೂರಕ್ಕೆ ಬಾಬ್ತು ಸಿಗಲಿಲ್ಲ.
'ಹಲ್ಲು' ಎಂದು ಬರೆದೆ.
ನಾಲ್ಕು ವಾರ, ನಾಲ್ಕು ಹಲ್ಲು.
ಓರಗಿತ್ತಿ ಪುಟ ಮಗುಚುತ್ತ ಅಂದಳು,
"ಬಾಯಲ್ಲಿ ಇನ್ನೇನಾದ್ರೂ ಉಳಿದಿದೆಯಾ ಜಯಕ್ಕ?"
ಉಳಿದಿದೆ, ಅಂದೆ. ಅದೇ ಕಷ್ಟ.

ಐದನೆಯ ವಾರ, ನಲವತ್ತಾರನೆಯ ನಿಮಿಷದಲ್ಲಿ,
ಒಂಬತ್ತು ವರ್ಷದ ಹುಡುಗಿಯೊಬ್ಬಳು ನನ್ನ ಬಾಯಿಂದ ಮಾತಾಡಿದಳು.
ಸೀಮೆಎಣ್ಣೆ ಸ್ಟವ್, ಅಮ್ಮನ ನೈಲಾನ್ ಸೀರೆ,
"ಪಂಪ್ ಹೊಡಿ ಅಂದಿದ್ದು ಅವಳೇ, ನಾನು ಹೊಡ್ದೆ..."
ಮಾತು ಮುಂದೆ ಹೋಗಲಿಲ್ಲ. ಗಡಿಯಾರ ಹೋಯಿತು.
ಸಿಂಚನಾ ತಬ್ಬಲಿಲ್ಲ, ಸಮಾಧಾನ ಹೇಳಲಿಲ್ಲ.
ನೀರಿನ ಲೋಟ ಸರಿಸಿ,
"ಇದು ಇಲ್ಲೇ ಇರ್ತದೆ, ಬುಧವಾರ ತೆಗೆಯೋಣ" ಅಂದಳು,
ಅಡವಿಟ್ಟ ಒಡವೆಗೆ ರಸೀದಿ ಕೊಟ್ಟ ಹಾಗೆ.

ಹಗುರ ಆಗುತ್ತದೆ ಅನ್ನುತ್ತಾರಲ್ಲ, ಆಗಲಿಲ್ಲ.
ತುಂಬಿದ ಸಿಲಿಂಡರ್ ಹೊತ್ತವರ ಹಾಗೆ ಹೆಗಲು ನೋವು.
ಮಹಾರಾಜ ಪಾರ್ಕಿನ ಬೆಂಚಿನ ಮೇಲೆ ಜೋಳದ ತೆನೆ ತಿಂದೆ,
ಮನೆಗೆ ಹೋಗಿ ಹುಳಿ ಕುದಿಸಿದೆ.
ಆ ರಾತ್ರಿ ಆರು ಸಲ ಎದ್ದೆ.

ಈಗ ಹನ್ನೊಂದನೆಯ ವಾರ.
ಮೂರು ಸಲ. ಕೆಲವು ದಿನ ನಾಲ್ಕು.
ತುರ್ತಿನ ಗೆರೆಯ ಮೇಲೆ ಮಗಳ ನಂಬರಿದೆ,
ಅವಳಿಗಿನ್ನೂ ಹೇಳಿಲ್ಲ.
ಮೊನ್ನೆ ಇಳಿಯುವಾಗ ಒಂಬತ್ತನೆಯ ಮೆಟ್ಟಿಲಲ್ಲಿ
ಅಂದು ಸಿಲಿಂಡರ್ ಕೇಳಿದ್ದ ಹೆಂಗಸು,
ಕೈಚೀಲ ಎದೆಗವಚಿ, ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.
"ಸಿಲಿಂಡರ್ ಬಂತಾ?" ಕೇಳಿದೆ.
"ಬಂತು" ಅಂದಳು.
ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟೆ.