ಐದನೆಯ ಗಳ

ಅಳಿವೆಯ ನಡುವಿನ ದಿಣ್ಣೆಯ ಸುತ್ತ
ಐದು ಬಿದಿರ ಗಳ ಊರಿದ್ದೇವೆ.
ನಾಲ್ಕರ ತುದಿಗೆ ಕೆಂಪು ಚಿಂದಿ.
ಐದನೆಯದಕ್ಕೆ, ಬೀರಮ್ಮನ ಮೊಮ್ಮಗಳ ಕೈಗೆ
ಆರೇ ತಿಂಗಳಿಗೆ ಬಿಗಿಯಾದ ಹಿತ್ತಾಳೆ ಬಳೆ.
ಅದರೊಳಗೆ ತೂರಿ ಬಿದ್ದ ಬೆಳಚು ನಮ್ಮದಲ್ಲ,
ವಾಪಸು ನೀರಿಗೆ.
ತಡೆದು ನಿಂತದ್ದು ಬುಟ್ಟಿಗೆ.
ಗಳದ ಒಳಗಡೆ ಮಾತ್ರ
ಕಾರ್ತಿಕದಿಂದ ಶಿವರಾತ್ರಿವರೆಗೆ
ದೊಡ್ಡದೂ ಇಲ್ಲ, ಸಣ್ಣದೂ ಇಲ್ಲ,
ಕಾಲೇ ಇಡುವ ಹಾಗಿಲ್ಲ.

ಸಭೆ ಆದದ್ದು ತದಡಿಯಲ್ಲಿ, ಐಸು ಕಾರ್ಖಾನೆಯ ಹಿಂದೆ.
ಆಚೆ ದಂಡೆಯಿಂದ ಹಲೀಮಾ, ಅವಳ ನಾದಿನಿ,
ನಮ್ಮ ಕೇರಿಯ ಹನ್ನೊಂದು ಹೆಂಗಸರು,
ಬಲೆ ಬಿಟ್ಟು ಬಂದ ನಾಲ್ಕು ಗಂಡಸರು, ಅದರಲ್ಲೊಬ್ಬ ಕುಡಿದಿದ್ದ.
ಗೋವೆಯ ಟೆಂಪೋದವನು ಸಣ್ಣದಕ್ಕೂ ದುಡ್ಡು ಕೊಡುತ್ತಾನೆ,
ಬಿಡುವುದು ಯಾಕೆ ಅಂದ ಅವನು.
ನಿಮ್ಮ ಕೇರಿಯವರೇ ಮೊದಲು ತಪ್ಪಿದ್ದು ಅಂದಳು ಹಲೀಮಾ.
ನಿಮ್ಮವರು ಅಂದೆವು ನಾವು.
ಅಷ್ಟರಲ್ಲಿ ಭರತ ಏರಿ
ಅವಳು ಕಟ್ಟದೆ ಬಿಟ್ಟಿದ್ದ ದೋಣಿ ಹೊರಟೇಹೋಯಿತು.
ಎಲ್ಲರೂ ಓಡಿದೆವು, ಸೀರೆ ಎತ್ತಿಕಟ್ಟಿ, ಕುಡಿದವನೂ.
ಒಪ್ಪಂದ ಆದದ್ದು ಆಗಲೇ,
ಸೊಂಟಮಟ್ಟ ನೀರಲ್ಲಿ, ದೋಣಿಯ ಅಂಚು ಹಿಡಕೊಂಡು,
ಯಾರು ಮೊದಲು ಹೂಂ ಅಂದರೋ ನೆನಪಿಲ್ಲ.

ನಾನು ಮುರಿದೆ ಅದನ್ನು. ಹೋದ ವರ್ಷ.
ಹಸಿವೆಗೇನಲ್ಲ,
ಮಿಕ್ಸರಿನ ಎರಡು ಕಂತು ಬಾಕಿ ಇತ್ತು.
ಅಮಾಸೆಯ ಬೆಳಗಿನ ಜಾವ ನೀರು ಪೂರ್ತಿ ಇಳಿದಾಗ
ಗಳ ದಾಟಿದೆ.
ಬೆಳಚು ಹುಡುಕಲು ದೀಪ ಬೇಡ,
ಅಂಗಾಲಿಗೆ ಗೊತ್ತಾಗುತ್ತದೆ:
ಕೆಸರಿನೊಳಗೆ ಅದು ಬಾಯಿ ಮುಚ್ಚಿಕೊಳ್ಳುವಾಗಿನ
ಅಷ್ಟೇ ಅಷ್ಟು ಜಗ್ಗು.
ಅಲ್ಯುಮಿನಿಯಂ ಪಾತ್ರೆ ಒಯ್ದದ್ದು ತಪ್ಪಾಯಿತು.
ಮೊದಲ ಮುಷ್ಟಿ ಬಿದ್ದ ಸದ್ದಿಗೇ
ಕಾವಲು ದೋಣಿಯಲ್ಲಿ ಬೀರಮ್ಮ ಕೆಮ್ಮಿದಳು.

ಬಯ್ಯಲಿಲ್ಲ.
ಪಾತ್ರೆ ಇಳಿಸಿ ಒಂದೊಂದೇ ಬೆಳಚು
ಬಳೆಯಲ್ಲಿ ತೂರಿಸಿದಳು, ನನ್ನ ಕೈಯಿಂದಲೇ,
ಮೂಡಣ ಬೆಳ್ಳಗಾಗುವ ತನಕ.
ದಂಡ ಎಷ್ಟು ಅಂತ ಕೇಳಿದೆ.
‘ದುಡ್ಡು ಯಾರಿಗೆ ಬೇಕೆ?
ಬಪ್ಪ ವರ್ಷ ಕಾವಲು ನೀನು.’

ಹಾಗಾಗಿ ಈಗ ನಾನು.
ಐದನೆಯ ಗಳಕ್ಕೆ ದೋಣಿ ಕಟ್ಟಿ
ಕಂಬಳಿ ಹೊದ್ದು ಕೂತರೆ
ಬಂದರದ ದೀಪಗಳು ನೀರಮೇಲೆ ಉದ್ದಕ್ಕೆ ಮಲಗಿರುತ್ತವೆ.
ಮರಳು ದೋಣಿಯವರು ದೂರದಿಂದಲೇ ದಿಕ್ಕು ಬದಲಿಸುತ್ತಾರೆ.
ಟೆಂಪೋದವನು ಒಮ್ಮೆ ಐನೂರರ ನೋಟು ತೋರಿಸಿ ಹೋದ,
ಆ ರಾತ್ರಿ ನನಗೆ ಅದೇ ನೋಟಿನ ಕನಸು, ಸುಳ್ಳು ಯಾಕೆ ಹೇಳಲಿ.

ಮೊನ್ನೆಯ ಅಮಾಸೆ
ದೀಪದ ಒಂದು ಗೆರೆಯನ್ನು ಯಾರೋ ಕತ್ತರಿಸಿದರು.
ಗಳದ ಒಳಗೆ ಬಗ್ಗಿದ ಬೆನ್ನು.
ಕೂಗಲು ಬಾಯಿ ತೆರೆದೆ,
ಆ ನಡಿಗೆಯ ಗುರುತು ಸಿಕ್ಕಿತು,
ಬಾಯಿ ಹಾಗೇ ಉಳಿಯಿತು.
ಕೊನೆಗೆ ಬಳೆಯನ್ನು ಗಳಕ್ಕೆ ಬಡಿದೆ.
ಟಿಣ್.

ಬೀರಮ್ಮ ನೆಟ್ಟಗಾದಳು, ನಿಧಾನಕ್ಕೆ,
ಮಡಿಲಲ್ಲಿ ನೀರು ಸುರಿಯುತ್ತಿತ್ತು.
‘ಬೆಳೆದಿದ್ಯೋ ಇಲ್ವೋ ನೋಡ್ವ ಅಂತ ಬಂದೆ,’ ಅಂದಳು.
ಸ್ವಲ್ಪ ತಡೆದು,
‘ಕಾಲಿಗೆ ಇನ್ನೂ ಗೊತ್ತಾಗ್ತದ್ಯೋ ಇಲ್ವೋ ಅಂತವ.’
ಮತ್ತೂ ತಡೆದು,
‘ಸಾರು ಮಾಡ್ವ ಅಂತವ.’

ಮಡಿಲು ಬಿಚ್ಚಿ ಅವಳೇ ಬಳೆಯ ಕೆಳಗೆ ನಿಂತಳು.
ಒಂದೊಂದೇ ತೂರಿಸಿದೆವು.
ಕೈ ನಡುಗುತ್ತಿದ್ದದ್ದು ಚಳಿಗೋ ಏನೋ,
ಅವಳದ್ದೋ ನನ್ನದ್ದೋ.
‘ಬಪ್ಪ ವರ್ಷ ಕಾವಲು ನಂದು ಹಂಗಾರೆ.
ಕಣ್ಣು ಮಂಜು. ಕಿವಿ ಅಡ್ಡಿಲ್ಲ.’

ಎಲ್ಲ ತೂರಿ ಬಿದ್ದವು.
ಮೂರು ಮಾತ್ರ ಬಳೆಯಲ್ಲಿ ತಡೆದು ನಿಂತವು,
ಹೋದ ವರ್ಷ ಅಷ್ಟು ದೊಡ್ಡದು ಒಂದೂ ಇರಲಿಲ್ಲ.
ಗಳದ ಒಳಗಿನವು, ತೆಗೆಯುವ ಹಾಗಿಲ್ಲ.
ತಡೆದು ನಿಂತವು, ಬಿಡಬೇಕೆಂದೂ ಇಲ್ಲ.
ಇದರ ಬಗ್ಗೆ ಸಭೆಯಲ್ಲಿ ಮಾತೇ ಆಗಿರಲಿಲ್ಲ.
ಮೂರನ್ನೂ ಅಂಗೈಯಲ್ಲಿ ಹಿಡಿದು
ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತೆವು.
ನೀರು ಮೊಣಕಾಲಿಗೆ ಬಂದಿತ್ತು.