ದಾಖಲೆ ಕೇಳಿದ್ದಕ್ಕೆ

ಹುಟ್ಟು ತಂದಿದ್ದೀನಿ ಸಾರ್, ಅಂದೆ.
ಗುಮಾಸ್ತರು ಕತ್ತೆತ್ತಲಿಲ್ಲ.
ಹುಟ್ಟಿಂದಾ? ಮೂರನೇ ಕೌಂಟರು.
ಸಾವಿಂದೂ ಅಲ್ಲೇ.

ಆ ಹುಟ್ಟಲ್ಲ ಸಾರ್, ಇದು ನೀರು ತಳ್ಳುವ ಹುಟ್ಟು.
ಮತ್ತಿಮರದ್ದು. ಹಿಡಿಯ ಹತ್ತಿರ ನೋಡಿ,
ನಾಲ್ಕು ತಲೆಮಾರಿನ ಹೆಬ್ಬೆರಳು
ಒಂದೇ ಗುಳಿಯಲ್ಲಿ ಕೂತು ಎದ್ದಿದೆ.

ಮೀನಿನ ಹರಾಜಿಗೆ ಬರಬೇಕಾದರೆ
ಕೆರೆಯವರು ಅನ್ನೋದಕ್ಕೆ ದಾಖಲೆ ತನ್ನಿ ಅಂದಿರಿ.
ಇದ್ದದ್ದು ಹೇಳ್ತೀನಿ, ಬರಕೊಳ್ಳಿ.

ಬೇವಿನಕಡವು, ಬಂಗಾರಪೇಟೆ ತಾಲೂಕು.
ಹದಿನೇಳು ಮನೆ, ಆರು ಹರಿಗೋಲು.
ಏರಿ ಸುತ್ತಿದರೆ ಒಂದು ಹರಿದಾರಿ,
ನೀರ ಮೇಲೆ ಒಂದು ಬೀಡಿ ಸೇದುವಷ್ಟು.
ಆಚೆ ದಡದಲ್ಲಿ ರೈಲು,
ರೈಲಿನಾಚೆ ಚಿನ್ನದ ಗಣಿ.

ನಸುಕಿನ ಪಾಳಿಯವರು
ಕ್ಯಾರಿಯರಿನಲ್ಲಿ ಮುದ್ದೆ, ಕೈಯಲ್ಲಿ ಚಪ್ಪಲಿ ಹಿಡಿದು
ಕತ್ತಲಲ್ಲಿ ದುಂಡಗೆ ಕೂರುತ್ತಿದ್ದರು.
ನೆಲದೊಳಕ್ಕೆ ಮೈಲಿಗಟ್ಟಲೆ ಇಳಿಯುವ ಗಂಡಸರು
ಒಂದಾಳುದ್ದ ನೀರಿಗೆ ಹೆದರುತ್ತಿದ್ದರಂತೆ.
ಪಿಳ್ಳಗಂಗಪ್ಪ, ಮೆಲ್ಲಗೆ, ಮೆಲ್ಲಗೆ.
ತಾತ ನಗುತ್ತಿರಲಿಲ್ಲ.

ಕೂಲಿ, ಮನೆಗೆ ವರ್ಷಕ್ಕೆ ನಾಲ್ಕು ಸೇರು ರಾಗಿ.
ಗಣಿಯವರು ಸಂಬಳದ ದಿನ ಎಂಟಾಣೆ.
ಬಸುರಿಗೆ ಇಲ್ಲ, ಹೆಣಕ್ಕೆ ಇಲ್ಲ.
ಅಮಲ್ದಾರರನ್ನು ಕೇಳಿದವರಿಲ್ಲ.
ಸೂಲಗಿತ್ತಿ ಹುಸೇನಬಿ ಮಾತ್ರ
ಬೇಡವೆಂದರೂ ಎಲೆ ಅಡಿಕೆ ಇಟ್ಟು ಇಳಿಯುತ್ತಿದ್ದಳು,
ನೀರಿನ ಋಣ ಇಟ್ಟುಕೊಂಡು
ಕೂಸು ಮುಟ್ಟಬಾರದು ಅಂತ.

ಲೆಕ್ಕವೆಲ್ಲ ಗೋಡೆಯ ಮೇಲೆ, ಇದ್ದಿಲಲ್ಲಿ.
ಚಿಕ್ಕತ್ತೆಯ ಮದುವೆಗೆ ಸುಣ್ಣ ಬಳಿದರು.
ಊರಿನ ಸಾಲ ಅವತ್ತೇ ತೀರಿತು.

ಒಮ್ಮೆ ಮುಳುಗಿತು. ಅದನ್ನೂ ಬರಕೊಳ್ಳಿ.
ಸಂಬಳದ ಸಂಜೆ,
ಎಂಟು ಜನರ ಹರಿಗೋಲಿಗೆ ಹನ್ನೊಂದು ಜನ.
ಮೂವರು ಬರಲಿಲ್ಲ.
ಆಮೇಲೆ ನಮ್ಮವರು
ಸಂಬಳದ ಸಂಜೆ ದುಡ್ಡು ಮುಟ್ಟಲಿಲ್ಲ.
ಹಾಗೆ ಮಾಡಿ ಅಂತ ಯಾರೂ ಹೇಳಿರಲಿಲ್ಲ.

ರಸ್ತೆ ಬಂತು, ಬಸ್ಸು ಬಂತು.
ಕೆರೆ ತಾನಾಗಿ ಹಿಂದಕ್ಕೆ ಸರಿಯಿತು,
ನೆಂಟರು ಬಂದರೆಂದು ಒಳಗೆ ಸರಿಯುವ ಸೊಸೆಯ ಹಾಗೆ,
ಮತ್ತೆ ಹೊರಗೆ ಬರಲಿಲ್ಲ.
ಅಂಗಳದ ತುಂಬ ಜಾಲಿ.
ಗಣಿಯ ಸೈರನ್ನು ನಿಂತ ದಿನ
ತಾತ ಹೊತ್ತು ತಿಳಿಯದೆ ಎರಡು ಸಲ ಉಂಡ.
ಐದು ಹರಿಗೋಲು ಒಲೆಗೆ ಹೋದವು.
ಆರನೆಯದು ಕೋಳಿಗಳ ಮೇಲೆ ಬೋರಲಾಯಿತು.

ಈಗ ನೀರು ಬಂದಿದೆ, ಪೈಪಿನಲ್ಲಿ,
ಪಟ್ಟಣ ಮಿಂದು, ಪಾತ್ರೆ ತೊಳೆದು,
ಸೋಸಿ ಕಳಿಸಿದ ನೀರು.
ತೂಬಿನ ಹತ್ತಿರ ಒಂದಿಷ್ಟು ನೊರೆ.
ಆದರೂ ಮೀನಿದೆ. ಮೀನಿದೆ ಅಂತ ಹರಾಜಿದೆ.
ಹರಾಜಿದೆ ಅಂತ ನಾನು
ಬೆಳಿಗ್ಗೆಯಿಂದ ಇಲ್ಲಿ ನಿಂತಿದ್ದೀನಿ.

ಸಾಕ್ಷಿ ಬೇಕೆಂದರೆ ಅಜ್ಜಿ ಗಂಗುಲಮ್ಮ ಇದ್ದಾಳೆ.
ಹೋದ ವರ್ಷ ಕೆರೆ ಕೋಡಿ ಬಿದ್ದ ರಾತ್ರಿ
ಆಚೆ ದಡದಿಂದ ಯಾರೋ ಹುಡುಗರು, ಆಟಕ್ಕೆ,
ಕಡವೋ... ಎಂದು ಕೂಗಿದರು.
ಕಣ್ಣು ಕಾಣದ ಮುದುಕಿ ಎದ್ದು,
ತಡಮಾಡಿದ್ದಕ್ಕೆ ಸತ್ತ ಗಂಡನನ್ನು ಬೈಯುತ್ತ
ಹಿತ್ತಲಿಗೆ ಹೋಗಿ
ಬೋರಲಿದ್ದ ಹರಿಗೋಲನ್ನು ಎತ್ತಿಬಿಟ್ಟಳು.
ಬೆಳಗಿನವರೆಗೆ ನಾವು ಹದಿನೇಳು ಮನೆಯವರು
ಟಾರ್ಚು ಹಿಡಿದು ಕೋಳಿ ಹುಡುಕಿದೆವು.

ಹುಟ್ಟು ಇಲ್ಲೇ ಬಿಟ್ಟು ಹೋಗಲಾ ಸಾರ್,
ಇಲ್ಲ, ಜೆರಾಕ್ಸ್ ಸಾಕಾ?